ಆಧಾರ್ ಇತ್ತು, ಕಠ್ಮಂಡು ವಿಮಾನ ಮಾತ್ರ ಸಿಗಲಿಲ್ಲ: ಒಂದು ಕುಟುಂಬದ ಪ್ರಕರಣ

ಕಠ್ಮಂಡುವಿನ ಪಶುಪತಿನಾಥನ ದರ್ಶನ ಮಾಡಿಸಬೇಕು ಅನ್ನುವುದು ನಂಜನಗೂಡಿನ ಕಡೆಯ ಈ ಮನೆಯಲ್ಲಿ ಬಹಳ ಕಾಲದ ಮಾತು. ಆಸೆ ಅಜ್ಜಿಯದು. ಆ ಗುಡಿಯಲ್ಲಿ ಪೂಜೆ ಮಾಡುವ ಭಟ್ಟರು ನಮ್ಮ ಕರ್ನಾಟಕದ ಕಡೆಯವರು ಅಂತ ಯಾರೋ ಹೇಳಿದ ಮೇಲೆ ಅದು ಇನ್ನೂ ಜಾಸ್ತಿಯಾಯಿತು. ಹೇಳಿದವರು ಸುಳ್ಳು ಹೇಳಿಲ್ಲ. ಅಲ್ಲಿನ ಮುಖ್ಯ ಅರ್ಚಕರನ್ನು ದಕ್ಷಿಣ ಭಾರತದಿಂದ, ಅದರಲ್ಲೂ ಕರ್ನಾಟಕದಿಂದ ಕರೆಸುವ ಪದ್ಧತಿ ಹಳೆಯದು.

ಹೊರಟವರು ಏಳು ಜನ. ಅಜ್ಜಿಗೆ 82. ಅವರ ಮಗ, ಅಂದರೆ ಮನೆಯ ಯಜಮಾನರಿಗೆ 64. ಯಜಮಾನರ ಹೆಂಡತಿಗೆ 60. ಅವರನ್ನು ಇಲ್ಲಿ ಅಮ್ಮ ಅಂತಲೇ ಕರೆಯುತ್ತೇನೆ. ಆಮೇಲೆ ಮಗ, ಸೊಸೆ, ಮೊದಲ ಪಿಯುಸಿ ಓದುವ 16ರ ಮೊಮ್ಮಗ, 9 ವರ್ಷದ ಮೊಮ್ಮಗಳು. ಮೂಲ ವಿಚಾರ ಬರೆಯೋಕೆ ಅವರ ಒಪ್ಪಿಗೆ ಇದೆ, ಹೆಸರು ಬೇಡ ಅಂದಿದ್ದಾರೆ. ನಾನು ಮೈಸೂರಿನಲ್ಲಿ ಟಿಕೆಟ್ ಬುಕಿಂಗ್ ಕೆಲಸ ಮಾಡುವವನು. ಈ ಟಿಕೆಟ್‌ಗಳನ್ನು ಮಗ ತಾನೇ ಮೊಬೈಲಿನಲ್ಲಿ ಮಾಡಿಕೊಂಡಿದ್ದ. ದೆಹಲಿಯಿಂದ ಫೋನ್ ಬರುವವರೆಗೆ ಇವರು ಹೊರಟಿರುವುದೇ ನನಗೆ ಗೊತ್ತಿರಲಿಲ್ಲ.

ತಮಾಷೆ ಏನು ಅಂದರೆ, ಈ ಮನೆಯವರು ದಾಖಲೆಗಳ ಬಗ್ಗೆ ತಲೆ ಕೆಡಿಸಿಕೊಳ್ಳದೆ ಹೋದವರಲ್ಲ. ಸಾಕಷ್ಟು ಕೆಡಿಸಿಕೊಂಡಿದ್ದರು. ಕೆಡಿಸಿಕೊಂಡಿದ್ದು ತಪ್ಪು ಜಾಗದಲ್ಲಿ.

ಅಮ್ಮನ ಪಾಸ್‌ಪೋರ್ಟ್

ಅಮ್ಮನ ಹತ್ತಿರ ಪಾಸ್‌ಪೋರ್ಟ್ ಇದೆ. ಅಮೆರಿಕದಲ್ಲಿರುವ ಮಗಳ ಬಾಣಂತನಕ್ಕೆ ಹೋಗಿ ಬಂದವರು. ಆ ಪಾಸ್‌ಪೋರ್ಟಿನ ಅವಧಿ ಮುಗಿಯೋಕೆ ನಾಲ್ಕೇ ತಿಂಗಳು ಉಳಿದಿತ್ತು. ಪಕ್ಕದ ಮನೆಯವರು ಅದನ್ನು ನೋಡಿ, "ಆರು ತಿಂಗಳು ಇರಲೇಬೇಕು ಕಣ್ರೀ, ಏರ್‌ಪೋರ್ಟಿಂದ ವಾಪಸ್ ಕಳಿಸ್ತಾರೆ" ಅಂದುಬಿಟ್ಟರು. ಅಲ್ಲಿಂದ ಶುರು. ಬೇಗ ಸಿಗುವ ತತ್ಕಾಲ್‌ನಲ್ಲಿ ಹೊಸದಕ್ಕೆ ಅರ್ಜಿ ಹಾಕೋಣವಾ, ಮಾಮೂಲಿ ಶುಲ್ಕ 1500 ರೂಪಾಯಿ, ಮೇಲೆ ತತ್ಕಾಲ್‌ಗೆ 2000, ಒಟ್ಟು 3500, ಅಷ್ಟು ಕೊಟ್ಟರೂ ಹೊರಡುವ ದಿನದೊಳಗೆ ಕೈಗೆ ಬರುತ್ತಾ ಇಲ್ಲವಾ. ಎರಡು ವಾರ ಮನೆಯಲ್ಲಿ ಇದೇ ಮಾತು.

ಪಕ್ಕದ ಮನೆಯವರು ಹೇಳಿದ ಆರು ತಿಂಗಳ ನಿಯಮ ಇರುವುದು ನಿಜ. ಸಿಂಗಪುರ, ಮಲೇಷ್ಯಾ, ಇಂಡೋನೇಷ್ಯಾಗೆ ಹೋಗುವುದಾದರೆ ಪಾಸ್‌ಪೋರ್ಟಿನಲ್ಲಿ ಆರು ತಿಂಗಳು ಬಾಕಿ ಇರಬೇಕು. ಯುರೋಪಿನ ಷೆಂಗೆನ್ ದೇಶಗಳ ಲೆಕ್ಕ ಬೇರೆ: ಅಲ್ಲಿಂದ ಹೊರಡುವ ದಿನದ ಮೇಲೆ ಇನ್ನೂ ಮೂರು ತಿಂಗಳು ಇರಬೇಕು, ಪಾಸ್‌ಪೋರ್ಟ್ ಕೊಟ್ಟು ಹತ್ತು ವರ್ಷ ಮೀರಿರಬಾರದು. ಬ್ರಿಟನ್ನಿಗೆ ಅಲ್ಲಿರುವ ಅಷ್ಟೂ ದಿನ ಅವಧಿ ಇದ್ದರೆ ಸಾಕು. ಇದರ ಹಿಂದಿನ ಯೋಚನೆ ಸರಳ. ಬಂದವನು ಆಸ್ಪತ್ರೆ ಸೇರಬಹುದು, ವಿಮಾನ ನಿಂತುಹೋಗಬಹುದು, ಬೇಕಂತಲೇ ಉಳಿದುಕೊಳ್ಳಬಹುದು. ಆ ಹೊತ್ತಿಗೆ ಪಾಸ್‌ಪೋರ್ಟ್ ಸತ್ತಿದ್ದರೆ ಅವನನ್ನು ವಾಪಸ್ ಕಳಿಸುವುದು ಆ ದೇಶಕ್ಕೆ ತಲೆನೋವು. ಅದಕ್ಕೇ ಸ್ವಲ್ಪ ಅವಧಿ ಮಿಗಲಿ ಅನ್ನುತ್ತಾರೆ.

ಆದರೆ ಭಾರತೀಯರು ಭಾರತದಿಂದ ನೇಪಾಳಕ್ಕೆ ವಿಮಾನದಲ್ಲಿ ಹೋಗುವ ನಿಯಮದಲ್ಲಿ ಕೇಳುವುದು "ಚಾಲ್ತಿಯಲ್ಲಿರುವ ಪಾಸ್‌ಪೋರ್ಟ್" ಅಂತ ಅಷ್ಟೇ. ಆರು ತಿಂಗಳ ಮಾತು ಅಲ್ಲಿಲ್ಲ. ಅವರಿಗೆ ವೀಸಾನೇ ಬೇಡ. ಮಗ ಇದನ್ನು ಹುಡುಕಿ ಓದಿ ಕೊನೆಗೂ ಸಮಾಧಾನ ಮಾಡಿಕೊಂಡ. ಆ ಪುಟದಲ್ಲಿ ಇನ್ನೂ ನಾಲ್ಕು ಸಾಲು ಕೆಳಗೆ ಓದಿದ್ದರೆ ಈ ಪ್ರಕರಣವೇ ಇರುತ್ತಿರಲಿಲ್ಲ. ಅಮ್ಮನದು ಬಗೆಹರಿಯಿತಲ್ಲ ಅಂತ ಅಲ್ಲಿಗೇ ಮುಚ್ಚಿದ. ಉಳಿದವರಿಗೆ ಆಧಾರ್ ಇದ್ದೇ ಇದೆಯಲ್ವಾ.

ಬೆಂಗಳೂರಿನಲ್ಲಿ ಎಲ್ಲಾ ಸಲೀಸು

ಟಿಕೆಟ್ ಎರಡು ತುಂಡು. ಬೆಂಗಳೂರಿನಿಂದ ದೆಹಲಿಗೆ ಒಂದು ಕಂಪನಿ, ದೆಹಲಿಯಿಂದ ಕಠ್ಮಂಡುವಿಗೆ ಇನ್ನೊಂದು ಕಂಪನಿ, ಪಿಎನ್‌ಆರ್ (ಬುಕಿಂಗ್ ಸಂಖ್ಯೆ) ಬೇರೆ ಬೇರೆ. ಹಾಗೆ ಮಾಡಿದರೆ ದುಡ್ಡು ಕಡಿಮೆ ಬೀಳುತ್ತಿತ್ತು. ತಪ್ಪೇನಿಲ್ಲ, ನಾನೂ ಎಷ್ಟೋ ಜನಕ್ಕೆ ಹಾಗೆ ಮಾಡಿಕೊಟ್ಟಿದ್ದೇನೆ. ಆದರೆ ಅದರಲ್ಲಿ ಒಂದು ಕೊಕ್ಕೆ ಇದೆ. ಒಂದೇ ಪಿಎನ್‌ಆರ್‌ನಲ್ಲಿ ಕಠ್ಮಂಡುವರೆಗೂ ಟಿಕೆಟ್ ಇದ್ದರೆ, ಬೆಂಗಳೂರಿನ ಕೌಂಟರಿನಲ್ಲೇ ಹೊರದೇಶದ ಪ್ರಯಾಣ ಅಂತ ಗೊತ್ತಾಗುತ್ತದೆ, ಅಲ್ಲೇ ಕಾಗದ ಕೇಳುತ್ತಾರೆ. ತುಂಡು ಟಿಕೆಟ್ ಆದರೆ ಬೆಂಗಳೂರಿನವರ ಲೆಕ್ಕದಲ್ಲಿ ನೀವು ದೆಹಲಿಗೆ ಹೋಗುವವರು ಮಾತ್ರ.

ದೇಶದೊಳಗಿನ ವಿಮಾನಕ್ಕೆ ಗುರುತಿನ ಪಟ್ಟಿ ಉದ್ದ ಇದೆ. 2017ರಲ್ಲಿ ವಿಮಾನಯಾನ ಭದ್ರತಾ ಬ್ಯೂರೋ ಹೊರಡಿಸಿದ ಪಟ್ಟಿಯಲ್ಲಿ ಪಾಸ್‌ಪೋರ್ಟ್, ಮತದಾರರ ಗುರುತಿನ ಚೀಟಿ, ಆಧಾರ್, ಮೊಬೈಲಿನ ಎಂ-ಆಧಾರ್, ಪ್ಯಾನ್, ಡ್ರೈವಿಂಗ್ ಲೈಸೆನ್ಸ್, ಫೋಟೋ ಇರುವ ಬ್ಯಾಂಕ್ ಪಾಸ್‌ಬುಕ್, ಪಿಂಚಣಿ ಕಾರ್ಡ್, ವಿದ್ಯಾರ್ಥಿಯ ಗುರುತಿನ ಚೀಟಿ, ಹೀಗೆ ಯಾವುದಿದ್ದರೂ ನಡೆಯುತ್ತದೆ. ಮೇಲಾಗಿ ಈಗ ಡಿಜಿಯಾತ್ರಾ ಬಂದಿದೆ. 2022ರ ಡಿಸೆಂಬರ್‌ನಲ್ಲಿ ಮೊದಲು ಶುರುವಾದ ಮೂರು ನಿಲ್ದಾಣಗಳಲ್ಲಿ ಬೆಂಗಳೂರೂ ಒಂದು. ಮಗ, ಸೊಸೆ ಕ್ಯಾಮೆರಾಗೆ ಮುಖ ತೋರಿಸಿದರು, ಗೇಟ್ ತೆರೆಯಿತು. ಯಜಮಾನರು ಆಧಾರ್ ತೋರಿಸಿ ಒಳಗೆ ಹೋದರು. "ನೋಡು, ಇದೊಂದಿದ್ರೆ ಸಾಕು" ಅಂತ ಮೊಮ್ಮಗನಿಗೆ ಹೇಳಿದ್ದರಂತೆ.

ಹಾಗೆ ಅನ್ನಿಸೋದು ಸಹಜ. ಬ್ಯಾಂಕಿಗೆ, ಸಿಮ್‌ಗೆ, ಗ್ಯಾಸ್‌ಗೆ, ಪಹಣಿಗೆ, ಎಲ್ಲದಕ್ಕೂ ಆಧಾರ್ ಕೇಳಿ ಕೇಳಿ, ಅದಕ್ಕಿಂತ ದೊಡ್ಡ ಕಾಗದ ಇನ್ನೊಂದಿಲ್ಲ ಅಂತ ನಾವೆಲ್ಲ ನಂಬಿಬಿಟ್ಟಿದ್ದೇವೆ.

ದೆಹಲಿಯ ಕೌಂಟರ್

ದೆಹಲಿಯಲ್ಲಿ ಬ್ಯಾಗ್ ತೆಗೆದುಕೊಂಡು, ಅಂತರರಾಷ್ಟ್ರೀಯ ಕೌಂಟರಿಗೆ ಬಂದು ನಿಂತಾಗ ಸಮಯ ಇತ್ತು, ಆದರೆ ಧಾರಾಳವಾಗಿ ಅಲ್ಲ. ಕೌಂಟರಿನ ಹುಡುಗಿ ಏಳೂ ಜನರ ಗುರುತಿನ ಚೀಟಿ ಕೇಳಿದಳು. ಅಲ್ಲಿ ಒಬ್ಬೊಬ್ಬರದೂ ಒಂದೊಂದು ಕಥೆ.

ಅಮ್ಮನ ಪಾಸ್‌ಪೋರ್ಟನ್ನು ಮೊದಲು ತೆಗೆದುಕೊಂಡಳು. ಫೋಟೋ ಇರುವ ಪುಟದ ಕೆಳಗೆ ಎರಡು ಸಾಲು ಇರುತ್ತವಲ್ಲ, ಬಾಣದ ಗುರುತು ತುಂಬಿದ್ದು, ಸಾಲಿಗೆ 44 ಅಕ್ಷರ. ಅದನ್ನು ಯಂತ್ರದಲ್ಲಿ ಎಳೆದಳು. ಎರಡನೇ ಸಾಲಿನಲ್ಲಿ ಪಾಸ್‌ಪೋರ್ಟ್ ಸಂಖ್ಯೆ, ದೇಶ, ಹುಟ್ಟಿದ ದಿನ, ಅವಧಿ ಮುಗಿಯುವ ದಿನ, ಎಲ್ಲಾ ಇರುತ್ತದೆ. ಒಂದು ಅಂಕಿ ತಪ್ಪು ಓದಿದರೂ ಗೊತ್ತಾಗಲಿ ಅಂತ ಪಕ್ಕದಲ್ಲಿ ತಾಳೆ ನೋಡುವ ಅಂಕಿ ಬೇರೆ. ಯಂತ್ರ ಅವಧಿ ಓದಿತು, ಒಪ್ಪಿತು. ಎರಡು ವಾರ ಮನೆಯವರ ನಿದ್ದೆ ಕೆಡಿಸಿದ ಪಾಸ್‌ಪೋರ್ಟಿನ ಬಗ್ಗೆ ಯಾರೂ ಒಂದು ಮಾತೂ ಕೇಳಲಿಲ್ಲ.

ಸೊಸೆಯ ಪಾಸ್‌ಪೋರ್ಟ್‌ದೂ ಹಾಗೇ ಮುಗಿಯಿತು. ಮಗ ಮತದಾರರ ಗುರುತಿನ ಚೀಟಿ ತಂದಿದ್ದ, ಮೂಲ ಕಾರ್ಡೇ. ಅದನ್ನು ಎಳೆಯೋಕೆ ಯಂತ್ರ ಇಲ್ಲ. ಹುಡುಗಿ ಕಣ್ಣಲ್ಲೇ ಓದಬೇಕು, ಕೈಯಲ್ಲೇ ನಂಬರ್ ಹೊಡೆಯಬೇಕು. ಕಾರ್ಡಿನಲ್ಲಿ ಅವನ ಹೆಸರು ಒಂದೇ ಪದ. ಟಿಕೆಟ್ಟಿನಲ್ಲಿ ಇನಿಷಿಯಲ್ ಬಿಡಿಸಿ ಊರಿನ ಹೆಸರು ಸರ್‌ನೇಮ್ ಆಗಿತ್ತು. ಸ್ವಲ್ಪ ಹೊತ್ತು ತಿರುಗಿಸಿ ಮುರುಗಿಸಿ ನೋಡಿ ಬಿಟ್ಟಳು. ಅಜ್ಜಿ ಮತ್ತು ಮೊಮ್ಮಗಳ ಆಧಾರ್ ನೋಡಿ, ವಯಸ್ಸು ನೋಡಿ, ಪಕ್ಕಕ್ಕಿಟ್ಟಳು.

ಉಳಿದವರು ಇಬ್ಬರು. ಯಜಮಾನರು, ಮೊಮ್ಮಗ. ಇಬ್ಬರದೂ ಆಧಾರ್. ಆಗುವುದಿಲ್ಲ ಅಂದಳು.

ಯಜಮಾನರು ಪರ್ಸಿನಿಂದ ಒಂದೊಂದೇ ತೆಗೆದರು. ಪ್ಯಾನ್, ಡ್ರೈವಿಂಗ್ ಲೈಸೆನ್ಸ್, ಪಿಂಚಣಿಯ ಕಾರ್ಡ್. ಕೌಂಟರಿನ ಮೇಲೆ ಸಾಲಾಗಿ ಇಟ್ಟರಂತೆ. ಅವಳು ಒಂದನ್ನೂ ಮುಟ್ಟಲಿಲ್ಲ. "ನಾನು ಸೀನಿಯರ್ ಸಿಟಿಜನ್ ಅಲ್ವೇನಮ್ಮಾ, ನನ್ನ ತಾಯೀದು ಹೇಗೆ ತಗೊಂಡ್ರಿ?" ಅಂದರು. ಅದನ್ನು ಮಗ ಹಿಂದಿಯಲ್ಲಿ ಹೇಳಿದ. 65 ದಾಟಿರಬೇಕು, ಇವರಿಗೆ 64 ಅಂದಳು. ಬ್ಯಾಂಕಿನಲ್ಲಿ 60ಕ್ಕೇ ಹಿರಿಯರು. ಈ ಕೌಂಟರಿನಲ್ಲಿ ಅಲ್ಲ.

ಸೊಸೆ ನನಗೆ ಫೋನ್ ಮಾಡಿದ್ದು ಆಗ. "ಅಣ್ಣಾ, ಇಲ್ಲಿ ಮಾವನ್ನೂ ಪುಟ್ಟನ್ನೂ ಬಿಡ್ತಿಲ್ಲ. ಏನಾದ್ರೂ ದಾರಿ ಇದ್ಯಾ? ಕೌಂಟರ್ ಮುಚ್ಚೋಕೆ ಮುಕ್ಕಾಲು ಗಂಟೆ ಇದೆ."

ನಿಯಮ ಹೇಳುವುದೇನು

ಭಾರತ ಮತ್ತು ನೇಪಾಳದ ನಡುವೆ ವಿಮಾನದಲ್ಲಿ ಹೋಗುವ ಭಾರತೀಯರಿಗೆ ಬೇಕಾಗಿರುವುದು ಚಾಲ್ತಿಯಲ್ಲಿರುವ ಪಾಸ್‌ಪೋರ್ಟ್, ಅಥವಾ ಚುನಾವಣಾ ಆಯೋಗ ಕೊಟ್ಟ ಮತದಾರರ ಗುರುತಿನ ಚೀಟಿ. 15ರ ಒಳಗಿನವರಿಗೆ ಮತ್ತು 65 ದಾಟಿದವರಿಗೆ ವಿನಾಯಿತಿ: ಫೋಟೋ, ವಯಸ್ಸು ಇರುವ ಬೇರೆ ಗುರುತು ಸಾಕು. ಆ ಎರಡು ಗುಂಪಿಗೆ ಆಧಾರ್ ಕೂಡ ನಡೆಯುತ್ತದೆ ಅಂತ ಗೃಹ ಸಚಿವಾಲಯ 2019ರ ಜನವರಿಯಲ್ಲಿ ಸ್ಪಷ್ಟ ಮಾಡಿತು. ಬಹಳ ಜನ ಆ ಸುದ್ದಿಯ ತಲೆಬರಹ ಮಾತ್ರ ಓದಿ "ನೇಪಾಳಕ್ಕೆ ಆಧಾರ್ ಸಾಕು" ಅಂತ ತಿಳಿದುಕೊಂಡಿದ್ದಾರೆ. 15ರಿಂದ 18ರ ನಡುವಿನ ಮಕ್ಕಳಿಗೆ ಮತದಾರರ ಚೀಟಿ ಇರುವುದಿಲ್ಲವಲ್ಲ, ಅವರಿಗೆ ಶಾಲೆ ಅಥವಾ ಕಾಲೇಜಿನ ಪ್ರಾಂಶುಪಾಲರು ನಿಗದಿತ ನಮೂನೆಯಲ್ಲಿ ಕೊಟ್ಟ ಗುರುತಿನ ಪತ್ರ ಆಗುತ್ತದೆ. ಇದೆಲ್ಲ ಭಾರತದಿಂದ ನೇರ ಹೋಗುವವರಿಗೆ. ದುಬೈಯಿಂದಲೋ ಬ್ಯಾಂಕಾಕ್‌ನಿಂದಲೋ ಕಠ್ಮಂಡುವಿಗೆ ಇಳಿಯುವ ಭಾರತೀಯನಿಗೆ ಪಾಸ್‌ಪೋರ್ಟ್ ಬೇಕೇ ಬೇಕು.

ಎಲ್ಲಾ ಕಡೆ ನಡೆಯುವ ಆಧಾರ್‌ಗೆ ಇಲ್ಲಿ ಮಾತ್ರ ಯಾಕೆ ಬಾಗಿಲು ಹಾಕುತ್ತಾರೆ ಅಂತ ಕೋಪ ಬರುತ್ತದೆ. ಕಾರಣ ಆಧಾರ್ ಕಾನೂನಿನಲ್ಲೇ ಇದೆ. 2016ರ ಆ ಕಾನೂನಿನ 9ನೇ ಸೆಕ್ಷನ್, ಆಧಾರ್ ಸಂಖ್ಯೆ ಪೌರತ್ವಕ್ಕೆ ಪುರಾವೆ ಅಲ್ಲ ಅಂತ ನೇರವಾಗಿ ಹೇಳುತ್ತದೆ. ಆಧಾರ್ ಸಿಗುವುದು ಇಲ್ಲಿ ವಾಸ ಇರುವವರಿಗೆ. ಬೆಂಗಳೂರಿನಲ್ಲಿ ಕೆಲಸ ಮಾಡಿಕೊಂಡಿರುವ ನೇಪಾಳದ ಪ್ರಜೆಯೂ ನಿಯಮದ ಪ್ರಕಾರ ಅದನ್ನು ಮಾಡಿಸಿಕೊಳ್ಳಬಹುದು. ಪ್ಯಾನ್, ಲೈಸೆನ್ಸ್ ಕೂಡ ಹಾಗೇ, ವಿದೇಶಿಯರಿಗೂ ಸಿಗುತ್ತವೆ. ಮತದಾರರ ಪಟ್ಟಿಗೆ ಮಾತ್ರ ಭಾರತದ ಪ್ರಜೆ ಅಲ್ಲದವರು ಸೇರುವಂತಿಲ್ಲ. ಬೆಂಗಳೂರಿನ ಗೇಟಿನಲ್ಲಿ ಕೇಳಿದ ಪ್ರಶ್ನೆ "ಟಿಕೆಟ್ಟಿನಲ್ಲಿರುವ ಮನುಷ್ಯ ನೀವೇನಾ?" ಅನ್ನುವುದು. ದೆಹಲಿಯಲ್ಲಿ ಕೇಳಿದ್ದು "ನೀವು ಯಾವ ದೇಶದವರು?" ಅನ್ನುವುದು. ಯಜಮಾನರ ಪರ್ಸಿನಲ್ಲಿದ್ದ ಅಷ್ಟೂ ಕಾರ್ಡುಗಳು ಮೊದಲನೇ ಪ್ರಶ್ನೆಗೆ ಉತ್ತರ, ಎರಡನೆಯದಕ್ಕೆ ಒಂದೂ ಅಲ್ಲ.

ನೆಲದ ಗಡಿಯಲ್ಲಿ ಇಷ್ಟು ಬಿಗಿ ಇಲ್ಲ. 1950ರ ಭಾರತ-ನೇಪಾಳ ಶಾಂತಿ ಮತ್ತು ಸ್ನೇಹ ಒಪ್ಪಂದದಿಂದಾಗಿ ಎರಡೂ ಕಡೆಯ ಜನ ಮುಕ್ತವಾಗಿ ಓಡಾಡುತ್ತಾರೆ. ವಿಮಾನದ ಕಥೆ ಬದಲಾಗಿದ್ದು 1999ರ ಡಿಸೆಂಬರ್ 24ರ ನಂತರ. ಕಠ್ಮಂಡುವಿನಿಂದ ದೆಹಲಿಗೆ ಹೊರಟ ಐಸಿ 814 ಅಪಹರಣವಾಗಿ ಕಂದಹಾರ್‌ವರೆಗೆ ಹೋಯಿತಲ್ಲ, ಅದಾದ ಮೇಲೆ, 2000ದಲ್ಲಿ, ಈ ಮಾರ್ಗದ ವಿಮಾನಕ್ಕೆ ಇಂಥ ಗುರುತಿನ ಚೀಟಿ ಕಡ್ಡಾಯವಾಯಿತು. ಅಜ್ಜಿಯ ಕಾಲದಲ್ಲಿ ಹೋಗಿದ್ದರೆ ಯಾರೂ ಕೇಳುತ್ತಿರಲಿಲ್ಲ.

ವಿಮಾನ ಕಂಪನಿಯವರು ಯಾಕೆ ಒಂದಿಂಚೂ ಬಗ್ಗಲ್ಲ ಅನ್ನುವುದೂ ಹೇಳಬೇಕು. ಸರಿಯಾದ ಕಾಗದ ಇಲ್ಲದವರನ್ನು ಹತ್ತಿಸಿಕೊಂಡು ಹೋದರೆ, ಅವರನ್ನು ವಾಪಸ್ ಕರೆತರುವ ಹೊಣೆ ಕಂಪನಿಯದೇ. ಎಷ್ಟೋ ದೇಶಗಳಲ್ಲಿ ದಂಡವೂ ಬೀಳುತ್ತದೆ. ಕೌಂಟರಿನಲ್ಲಿರುವವರು ತಮ್ಮ ತಲೆಯಿಂದ ನಿಯಮ ಹೇಳುವುದಿಲ್ಲ. ವಿಮಾನ ಕಂಪನಿಗಳ ಅಂತರರಾಷ್ಟ್ರೀಯ ಸಂಘ ಅಯಾಟಾದ ಟಿಮ್ಯಾಟಿಕ್ ಅನ್ನುವ ಒಂದು ದಾಖಲೆ-ಕೋಶ ಇದೆ. ಯಾವ ದೇಶದವರು ಎಲ್ಲಿಗೆ ಹೋಗೋಕೆ ಏನು ಬೇಕು ಅಂತ ಅದರಲ್ಲಿ ನೋಡುತ್ತಾರೆ. ಅದು ಆಗಲ್ಲ ಅಂದರೆ ಆಗಲ್ಲ.

ಕುಟುಂಬದ ಒಂದು ಸಾಲು

ನಾನು ಸೊಸೆಗೆ ಫೋನಿನಲ್ಲಿ ಹೇಳಿದ್ದು ಅದೇ ನಿಯಮದ ಇನ್ನೊಂದು ಸಾಲಿನ ಬಗ್ಗೆ. ಅದು ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ಕುಟುಂಬ ಒಟ್ಟಿಗೆ ಹೋಗುತ್ತಿದ್ದು, ದೊಡ್ಡವರಲ್ಲಿ ಒಬ್ಬರ ಹತ್ತಿರ ಪಾಸ್‌ಪೋರ್ಟೋ ಮತದಾರರ ಚೀಟಿಯೋ ಇದ್ದರೆ, ಉಳಿದವರಿಂದ ಅದನ್ನೇ ಒತ್ತಾಯ ಮಾಡದೆ ಇರಬಹುದು. ಆದರೆ ಉಳಿದವರು ಫೋಟೋ ಇರುವ ಗುರುತನ್ನೂ, ಒಂದೇ ಕುಟುಂಬ ಅನ್ನುವುದಕ್ಕೆ ಪುರಾವೆಯನ್ನೂ ತೋರಿಸಬೇಕು. ರೇಷನ್ ಕಾರ್ಡ್, ಕಾಲೇಜಿನ ಗುರುತಿನ ಚೀಟಿ, ಅಂಥದ್ದು. ಸೂಪರ್‌ವೈಸರ್ ಕರೆಸಿ ಈ ಸಾಲು ತೋರಿಸಿ, ಜಗಳ ಬೇಡ, ಮೆತ್ತಗೆ ಕೇಳಿ ಅಂದೆ.

ಮೊಮ್ಮಗನಿಗೆ ಅದು ಕೆಲಸ ಮಾಡಿತು. ಕಾಲೇಜಿನ ಕಾರ್ಡಿನಲ್ಲಿ ಅಪ್ಪನ ಹೆಸರಿತ್ತು, ಅದೇ ಹೆಸರಿನ ಅಪ್ಪ ಮತದಾರರ ಚೀಟಿ ಹಿಡಿದು ಪಕ್ಕದಲ್ಲೇ ನಿಂತಿದ್ದ. ಸೂಪರ್‌ವೈಸರ್ ಎಲ್ಲಿಗೋ ಫೋನ್ ಮಾಡಿ ಒಪ್ಪಿದರು.

ಯಜಮಾನರದ್ದು ಇಲ್ಲಿಯೇ ಮುಗ್ಗರಿಸಿತು. ಮಗನ ಮತದಾರರ ಚೀಟಿಯಲ್ಲಿ "ತಂದೆಯ ಹೆಸರು" ಅಂತ ಇರುತ್ತದೆ. ಅಲ್ಲಿ ಯಜಮಾನರ ಹೆಸರು ಚಿಕ್ಕದಾಗಿ, ಒಂದೇ ಪದ. ಅವರ ಆಧಾರ್‌ನಲ್ಲಿ ಊರು, ಅವರ ಅಪ್ಪನ ಹೆಸರು, ತಮ್ಮ ಹೆಸರು, ಕೊನೆಗೆ ಒಂದು "ಸ್ವಾಮಿ" ಸೇರಿ ಒಂದು ಸಾಲು ಆಗುವಷ್ಟು ಉದ್ದ. ನಮಗೆ ನೋಡಿದ ತಕ್ಷಣ ಇಬ್ಬರೂ ಒಬ್ಬರೇ ಅಂತ ತಿಳಿಯುತ್ತದೆ. ದೆಹಲಿಯ ಸೂಪರ್‌ವೈಸರಿಗೆ ಎರಡು ಬೇರೆ ಬೇರೆ ಹೆಸರು. ನಮ್ಮ ಕಡೆಯ ಇನಿಷಿಯಲ್ ಪದ್ಧತಿಯಿಂದ ಇಂಥ ಫಜೀತಿ ಎಷ್ಟು ಆಗುತ್ತದೆ ಅನ್ನುವುದನ್ನು ಈ ಕೆಲಸದಲ್ಲಿರುವವರನ್ನು ಕೇಳಬೇಕು. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಹಾಕುವಂತಿಲ್ಲ, ಬಿಡಿಸಿಯೇ ಬರೆಯಬೇಕು. ಕೆಲವರು ಸರ್‌ನೇಮ್ ಖಾಲಿ ಬಿಟ್ಟುಬಿಡುತ್ತಾರೆ. ಹಾಗೆ ಒಂದೇ ಹೆಸರಿನ ಪಾಸ್‌ಪೋರ್ಟ್ ಇರುವವರಿಗೆ ಭೇಟಿ ವೀಸಾ ಕೊಡುವುದಿಲ್ಲ ಅಂತ ಯುಎಇ 2022ರ ನವೆಂಬರ್‌ನಲ್ಲಿ ಹೇಳಿದಾಗ ನನ್ನ ಫೋನ್ ಬಿಡುವಿಲ್ಲದೆ ಹೊಡೆದುಕೊಂಡಿತ್ತು.

ರೇಷನ್ ಕಾರ್ಡ್ ಮನೆಯಲ್ಲಿತ್ತು. ಮೊಬೈಲಿನಲ್ಲಿ ಅದರ ಫೋಟೋ ಇತ್ತು, ಮೂಲ ಬೇಕು ಅಂದರು. ಮತದಾರರ ಚೀಟಿಯ ಡಿಜಿಟಲ್ ಪ್ರತಿ ಇಳಿಸಿಕೊಳ್ಳೋಣ ಅಂತ ಮಗ ನೋಡಿದ. 2021ರಿಂದ ಆ ಸೌಲಭ್ಯ ಇದೆ. ಆದರೆ ಅದಕ್ಕೆ ಮೊಬೈಲ್ ಸಂಖ್ಯೆ ಜೋಡಣೆ ಆಗಿರಬೇಕು. ಯಜಮಾನರದ್ದು ಆಗಿರಲಿಲ್ಲ. ಆಗಿದ್ದರೂ ಪ್ರಯೋಜನ ಇರುತ್ತಿರಲಿಲ್ಲ, ಆ ಕಂಪನಿ ಮೂಲ ಕಾರ್ಡನ್ನೇ ಕೇಳುತ್ತಿತ್ತು.

ಆ ಸಿಬ್ಬಂದಿ ತಪ್ಪು ಮಾಡಿದರು ಅಂತ ನಾನು ಹೇಳಲಾರೆ. "ಒತ್ತಾಯ ಮಾಡದೆ ಇರಬಹುದು" ಅನ್ನುವುದು ಅಧಿಕಾರಿಯ ಕೈಗೆ ಕೊಟ್ಟ ಸಡಿಲಿಕೆ. ಪ್ರಯಾಣಿಕನ ಹಕ್ಕಲ್ಲ. ಇನ್ನೊಂದು ದಿನ, ಇನ್ನೊಬ್ಬರು ಆ ಕುರ್ಚಿಯಲ್ಲಿದ್ದರೆ ಬಿಡುತ್ತಿದ್ದರೇನೋ. ಆ ನಂಬಿಕೆಯ ಮೇಲೆ ಟಿಕೆಟ್ ಮಾಡಿಸುವುದು ಬೇಡ ಅಂತ ಮಾತ್ರ ಹೇಳುತ್ತೇನೆ.

ಸುನೌಲಿ ದಾರಿ

ಕೌಂಟರ್ ಮುಚ್ಚಿತು. ಅಜ್ಜಿ, ಮಗ, ಸೊಸೆ, ಮಕ್ಕಳು ಹೋದರು. ಅಜ್ಜಿ ಮಗನನ್ನು ಬಿಟ್ಟು ಬರಲ್ಲ ಅಂತ ಕೂತುಬಿಟ್ಟಿದ್ದರಂತೆ. "ನೀ ಹೋಗವ್ವಾ, ನಾ ನಾಳೆ ಬತ್ತೀನಿ" ಅಂತ ಯಜಮಾನರೇ ಹೇಳಿ ಕಳಿಸಿದರು. ಅಮ್ಮನ ಕೈಯಲ್ಲಿ ಪಾಸ್‌ಪೋರ್ಟ್ ಇದ್ದರೂ ಅವರು ಗಂಡನ ಜೊತೆ ಉಳಿದರು.

ಮೊದಲು ಹೊಳೆದಿದ್ದು ಮನೆಯಿಂದ ಮತದಾರರ ಚೀಟಿ ತರಿಸುವುದು. ತಮ್ಮನ ಮಗ ರಾತ್ರಿಯೇ ಬೆಂಗಳೂರಿಗೆ ಬಂದು ಬೆಳಗಿನ ವಿಮಾನ ಹಿಡಿದು ದೆಹಲಿಗೆ ತರೋಕೆ ರೆಡಿ ಇದ್ದ. ಚೀಟಿ ಇದ್ದದ್ದು ಬೀರುವಿನ ಲಾಕರ್‌ನಲ್ಲಿ. ಬೀರುವಿನ ಕೀ ಯಜಮಾನರ ಜೇಬಿನಲ್ಲಿ, ದೆಹಲಿಯಲ್ಲಿ.

ಆಗ ನಾನು ಗೋರಖ್‌ಪುರದ ದಾರಿ ಹೇಳಿದೆ. ದೆಹಲಿಯಿಂದ ಗೋರಖ್‌ಪುರಕ್ಕೆ ದೇಶದೊಳಗಿನ ವಿಮಾನ, ಅದಕ್ಕೆ ಆಧಾರ್ ಸಾಕು. ಅಲ್ಲಿಂದ ಸುಮಾರು 100 ಕಿಲೋಮೀಟರ್ ಟ್ಯಾಕ್ಸಿಯಲ್ಲಿ ಗಡಿಯ ಊರು ಸುನೌಲಿ. ಸುನೌಲಿಯಲ್ಲಿ ರಸ್ತೆಗೆ ಅಡ್ಡ ಒಂದು ದೊಡ್ಡ ಕಮಾನು, ಅದರ ಆಚೆ ನೇಪಾಳ. ಸಶಸ್ತ್ರ ಸೀಮಾ ಬಲದವರು ಈ ಕಡೆ ನಿಂತಿರುತ್ತಾರೆ, ಗುರುತಿನ ಚೀಟಿ ನೋಡುತ್ತಾರೆ, ಬ್ಯಾಗ್ ನೋಡುತ್ತಾರೆ. ರಸ್ತೆಯಲ್ಲಿ ಹೋಗುವ ಭಾರತೀಯನಿಗೆ ಪಾಸ್‌ಪೋರ್ಟ್ ಕಡ್ಡಾಯವಿಲ್ಲ. ದೆಹಲಿಯಲ್ಲಿ ಯಾರೂ ಮುಟ್ಟದ ಅದೇ ಆಧಾರ್ ಇಲ್ಲಿ ನಡೆಯಿತು. ಯಜಮಾನರು ನಡೆದುಕೊಂಡೇ ನೇಪಾಳಕ್ಕೆ ಹೋದರು.

ಆಚೆ ಭೈರಹವಾದಿಂದ ಕಠ್ಮಂಡುವಿಗೆ ಬಾಡಿಗೆ ಕಾರು. ಬೆಟ್ಟದ ರಸ್ತೆ, ಇಡೀ ದಿನ ಹಿಡಿಯಿತು. ರಾತ್ರಿ ತಡವಾಗಿ ಹೋಟೆಲ್ ಮುಟ್ಟಿದರು. ಪಶುಪತಿಯ ದರ್ಶನವನ್ನು ಅಜ್ಜಿ ಇವರು ಬರುವವರೆಗೆ ಮುಂದಕ್ಕೆ ಹಾಕಿಸಿದ್ದರು.

ಇಂಥ ಕಡೆ ಜನ ಮರೆಯುವುದು ಒಂದಿದೆ: ವಾಪಸ್ ಬರುವುದು. ಕಠ್ಮಂಡುವಿನಿಂದ ದೆಹಲಿಗೆ ಬರೋಕೂ ವಿಮಾನಕ್ಕೆ ಅದೇ ನಿಯಮ. ರಸ್ತೆಯಲ್ಲಿ ಹೋಗಿಬಿಟ್ಟೆ, ಬರುವಾಗ ವಿಮಾನ ಹತ್ತುತ್ತೇನೆ ಅಂದರೆ ಆಗುವುದಿಲ್ಲ. ಕಠ್ಮಂಡುವಿನ ಭಾರತೀಯ ರಾಯಭಾರ ಕಚೇರಿ ಒಂದು ಗುರುತಿನ ಪತ್ರ ಕೊಡುತ್ತದೆ, ಅದರಲ್ಲಿ ಒಂದು ಸಲ ಭಾರತಕ್ಕೆ ವಾಪಸ್ ಬರಬಹುದು. ಇರುವ ನಾಲ್ಕು ದಿನದಲ್ಲಿ ಕಚೇರಿಗೆ ಅಲೆಯೋಕೆ ಯಜಮಾನರು ಒಪ್ಪಲಿಲ್ಲ. ಬಂದ ದಾರಿಯಲ್ಲೇ ಸುನೌಲಿಗೆ ಬಂದು, ಗೋರಖ್‌ಪುರದಿಂದ ಊರಿಗೆ ಬಂದರು.

ದುಡ್ಡಿನ ಲೆಕ್ಕ

ಕಠ್ಮಂಡುವಿನ ಟಿಕೆಟ್ಟು ಹೋಗಿ-ಬರುವುದು ಒಂದೇ ಪಿಎನ್‌ಆರ್‌ನಲ್ಲಿತ್ತು. ಹೋಗುವಾಗ ಹತ್ತದಿದ್ದರೆ ಸಾಮಾನ್ಯವಾಗಿ ಬರುವ ಸೀಟೂ ತಾನಾಗಿಯೇ ರದ್ದಾಗುತ್ತದೆ. ಇಬ್ಬರದ್ದೂ ಹಾಗೇ ಆಯಿತು. ದೆಹಲಿಯಿಂದ ಬೆಂಗಳೂರಿಗೆ ಇದ್ದ ಎರಡು ಸೀಟೂ ಬಳಕೆಯಾಗಲಿಲ್ಲ. ಹತ್ತಿಸಿಕೊಳ್ಳದಿದ್ದರೆ ಪರಿಹಾರ ಕೊಡಬೇಕು ಅನ್ನುವ ನಿಯಮ ಇದೆಯಲ್ಲ ಅಂತ ಮಗ ಕೇಳಿದ. ಅದು ಸೀಟಿಗಿಂತ ಜಾಸ್ತಿ ಟಿಕೆಟ್ ಮಾರಿ ಕೆಳಗಿಳಿಸಿದಾಗ. ಕಾಗದ ಇಲ್ಲದ ಪ್ರಯಾಣಿಕನಿಗೆ ಅನ್ವಯಿಸುವುದಿಲ್ಲ.

ಆದರೆ ಟಿಕೆಟ್ ವಾಪಸ್ ಬರದಿದ್ದರೂ ಅದರೊಳಗಿನ ಸರ್ಕಾರಿ ತೆರಿಗೆ, ವಿಮಾನ ನಿಲ್ದಾಣದ ಬಳಕೆದಾರರ ಶುಲ್ಕ ಇವನ್ನು ಕಂಪನಿ ಹಿಂದಿರುಗಿಸಬೇಕು. ಪ್ರಯಾಣಿಕ ಬರದೇ ಇದ್ದ ಟಿಕೆಟ್ಟಿಗೂ ಇದು ಅನ್ವಯಿಸುತ್ತದೆ ಅಂತ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎಯ ನಿಯಮದಲ್ಲೇ ಇದೆ. ಕೇಳದಿದ್ದರೆ ಸುಮ್ನೆ ಹೋಗುತ್ತದೆ. ಅರ್ಜಿ ಹಾಕಿಸಿದೆ.

ಆಮೇಲೆ

ಊರಿಗೆ ಬಂದ ವಾರದಲ್ಲೇ ಯಜಮಾನರು ಪಾಸ್‌ಪೋರ್ಟಿಗೆ ಅರ್ಜಿ ಹಾಕಿದರು. ಹೊಸ ಪಾಸ್‌ಪೋರ್ಟಿಗೆ 60 ದಾಟಿದವರಿಗೆ ಶೇಕಡಾ 10 ರಿಯಾಯಿತಿ ಇದೆ, 1500ರ ಬದಲು 1350. ಅಂತೂ ಒಂದು ಕಡೆ ಅವರನ್ನು ಹಿರಿಯರು ಅಂತ ಒಪ್ಪಿದರು. ಮೈಸೂರಿನ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಕೆಲಸ ಆಯಿತು. ದೇಶದಲ್ಲಿ ಈ ಥರದ ಕೇಂದ್ರ ಮೊದಲು ತೆರೆದ ಎರಡು ಊರಲ್ಲಿ ಮೈಸೂರು ಒಂದು, 2017ರ ಜನವರಿಯಲ್ಲಿ. ಹೆಸರನ್ನು ಆಧಾರ್‌ನಲ್ಲಿದ್ದ ಉದ್ದದ ರೂಪದಲ್ಲೇ ಹಾಕಿಸಿ, ಸರ್‌ನೇಮ್ ಖಾಲಿ ಬಿಡಬೇಡಿ ಅಂತ ಹೇಳಿ ಕಳಿಸಿದ್ದೆ. ವಿಳಾಸಕ್ಕೆ ಕೊಟ್ಟದ್ದು ಆಧಾರ್. ಅದು ಅಲ್ಲಿಗೆ ಸಾಕು, ಯಾಕಂದರೆ ಅದರ ಮೇಲೆ ಪೊಲೀಸ್ ಪರಿಶೀಲನೆ ನಡೆಯುತ್ತದೆ.

ಮೊಮ್ಮಗನದ್ದು ಸ್ವಲ್ಪ ಯೋಚನೆ ಮಾಡಬೇಕಾದ ವಿಷಯ. ಚಿಕ್ಕವರ ಪಾಸ್‌ಪೋರ್ಟ್ ಐದು ವರ್ಷಕ್ಕೆ ಅಥವಾ 18 ತುಂಬುವವರೆಗೆ, ಯಾವುದು ಮೊದಲೋ ಅದು. 16ರ ಹುಡುಗನಿಗೆ 1000 ರೂಪಾಯಿಯ ಆ ಪಾಸ್‌ಪೋರ್ಟ್ ಮಾಡಿಸಿದರೆ ಎರಡು ವರ್ಷವೂ ಬಾಳುವುದಿಲ್ಲ. 15ರಿಂದ 18ರವರು ಹತ್ತು ವರ್ಷದ್ದನ್ನು ಆರಿಸಿಕೊಳ್ಳಬಹುದು, ದೊಡ್ಡವರ ಶುಲ್ಕ ಕೊಟ್ಟು. ಅರ್ಜಿಯಲ್ಲಿ ಆ ಆಯ್ಕೆ ಕಣ್ಣಿಗೆ ಬೀಳದಂತೆ ಇರುತ್ತದೆ, ಹುಡುಕಿ ಗುರುತು ಹಾಕಬೇಕು. ಅವನಿಗೆ ಅದನ್ನೇ ಮಾಡಿಸಿದರು.

ಅಮ್ಮನ ಪಾಸ್‌ಪೋರ್ಟನ್ನೂ ಜೊತೆಗೇ ಹೊಸದು ಮಾಡಿಸಿದ್ದಾರೆ. ಅವಧಿ ಮುಗಿಯೋಕೆ ಒಂದು ವರ್ಷ ಇರುವಾಗಿನಿಂದಲೇ ಅರ್ಜಿ ಹಾಕಬಹುದು. ಉಳಿದ ತಿಂಗಳು ಹೊಸದಕ್ಕೆ ಸೇರುವುದಿಲ್ಲ, ಅಷ್ಟು ನಷ್ಟ. ಹಳೆಯದರಲ್ಲಿ ಅಮೆರಿಕದ ವೀಸಾ ಇನ್ನೂ ಜೀವಂತ ಇದೆ. ಮೂಲೆ ಕತ್ತರಿಸಿ ವಾಪಸ್ ಕೊಟ್ಟ ಆ ಪುಸ್ತಕವನ್ನು ಎಸೆಯಬಾರದು. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಹೋದರೆ ಅದೇ ವೀಸಾ ನಡೆಯುತ್ತದೆ.

ತೆರಿಗೆಯ ದುಡ್ಡು ತಿಂಗಳ ಮೇಲೆ ಖಾತೆಗೆ ಬಂತು. ಟಿಕೆಟ್ ಮಾಡಿದ ಆ್ಯಪ್ ಹಿಡಿದುಕೊಂಡ ಕನ್ವೀನಿಯನ್ಸ್ ಫೀ ಬಗ್ಗೆ ಮಗ ಇನ್ನೂ ಮೇಲ್ ಬರೆಯುತ್ತಲೇ ಇದ್ದಾನೆ. ಅದು ಬರಲ್ಲ ಬಿಡಪ್ಪಾ ಅಂತ ನಾನು ಹೇಳಿಯಾಗಿದೆ.